ಬೆಳ್ಳಿಯಿಲ್ಲದ ಬೆಳ್ಳಿಯ ಹೆಸರು

ಆರ್ಜಿರೊಡೈಟ್. ಕಳೆದ ನಾಲ್ಕು ವರ್ಷಗಳಲ್ಲಿ ನನ್ನ ಬಾಯಿಂದ ಅತಿ ಹೆಚ್ಚು ಸಲ ಬಂದ ಪದಗಳನ್ನು ಯಾರಾದರೂ ಎಣಿಸಿದರೆ ಊಟ, ನಿದ್ದೆ, ಫೆಲೋಶಿಪ್ ಇವುಗಳ ನಂತರ ಬಹುಶಃ ಇದೇ ಬರುತ್ತದೆ. ನಮ್ಮ ಲ್ಯಾಬಿನಲ್ಲಿ ಅದು ಮಾಸಲು ಬಿಳಿ ಬಣ್ಣದ ಪುಡಿ. ಲಿಥಿಯಂ, ರಂಜಕ, ಗಂಧಕ, ಕ್ಲೋರಿನ್ ಸೇರಿಸಿ ನಾವೇ ಮಾಡಿಕೊಳ್ಳುವ ವಸ್ತು. ಆರ್ಗಾನ್ ತುಂಬಿದ ಗ್ಲೌವ್ ಬಾಕ್ಸಿನೊಳಗೆ ಕೈ ತೂರಿಸಿ ಅದನ್ನು ತೂಗುತ್ತೇವೆ, ಅರೆಯುತ್ತೇವೆ, ಗಾಜಿನ ಕೊಳವೆಯಲ್ಲಿ ಮುಚ್ಚಿ ಕುಲುಮೆಗೆ ಇಡುತ್ತೇವೆ. ಹೊರಗಿನ ಗಾಳಿಯ ತೇವ ತಾಗಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ವಾಸನೆ ವಿಷದ್ದು, ಆದ್ದರಿಂದ ತಮಾಷೆಯ ಮಾತಲ್ಲ. ಇಷ್ಟೆಲ್ಲ ಪಾಡು ಏಕೆಂದರೆ ದ್ರವವೇ ಇಲ್ಲದ, ಬೆಂಕಿ ಹತ್ತುವ ಭಯ ಕಡಿಮೆಯಿರುವ ಬ್ಯಾಟರಿ ಮಾಡಲು ಇದು ಒಳ್ಳೆಯ ದಾರಿ ಎಂದು ಜಗತ್ತಿನ ಹಲವು ಲ್ಯಾಬುಗಳು ನಂಬಿವೆ.

ಆರ್ಜಿರೊಡೈಟ್ ಎಂಬ ಹೆಸರು ಬಂದಿರುವುದು ಗ್ರೀಕ್ ಭಾಷೆಯ ಬೆಳ್ಳಿಯಿಂದ. ಬೆಳ್ಳಿಯುಳ್ಳದ್ದು, ಬೆಳ್ಳಿ ತುಂಬಿದ್ದು ಎಂದು ಅರ್ಥ. ನಮ್ಮ ಪುಡಿಯಲ್ಲಿ ಬೆಳ್ಳಿಯ ಒಂದು ಪರಮಾಣುವೂ ಇಲ್ಲ.

ಇದು ಹೇಗಾಯಿತು ಎಂದು ತಿಳಿಯಲು 1885ರ ಜರ್ಮನಿಗೆ ಹೋಗಬೇಕು. ಸ್ಯಾಕ್ಸನಿಯ ಫ್ರೈಬರ್ಗ್ ಬೆಳ್ಳಿಯ ಗಣಿಗಳಿಂದಲೇ ಬೆಳೆದ ಊರು. 1765ರಲ್ಲೇ ಅಲ್ಲಿ ಗಣಿವಿದ್ಯೆಯ ಅಕಾಡೆಮಿ ಶುರುವಾಗಿತ್ತು. ಊರಿನ ಹತ್ತಿರದ ಒಂದು ಗಣಿಯ ಹೆಸರು ಹಿಮ್ಮೆಲ್ಸ್‌ಫ್ಯೂರ್ಸ್ಟ್, ಅಂದರೆ ಸ್ವರ್ಗದ ದೊರೆ. 1885ರಲ್ಲಿ ಆ ಗಣಿಯಿಂದ ಯಾರೂ ಗುರುತು ಹಿಡಿಯದ ಒಂದು ಖನಿಜ ಮೇಲೆ ಬಂತು. ಅಕಾಡೆಮಿಯ ಖನಿಜಶಾಸ್ತ್ರದ ಪ್ರಾಧ್ಯಾಪಕ ಆಲ್ಬಿನ್ ವೈಸ್‌ಬಾಖ್ ಅದನ್ನು ನೋಡಿ ಇದು ಹೊಸತು ಅಂದ. (ಇಂಜಿನಿಯರಿಂಗ್ ಓದಿದವರಿಗೆ ಈ ಹೆಸರು ಪರಿಚಿತ ಅನ್ನಿಸಬಹುದು. ಪೈಪಿನಲ್ಲಿ ನೀರು ಹರಿಯುವಾಗ ಆಗುವ ನಷ್ಟದ ಡಾರ್ಸಿ–ವೈಸ್‌ಬಾಖ್ ಸಮೀಕರಣವನ್ನು ಬಾಯಿಪಾಠ ಮಾಡಿದ್ದೀರಲ್ಲ, ಆ ವೈಸ್‌ಬಾಖ್ ಇವನ ಅಪ್ಪ.)

ಆ ಕಲ್ಲು ನೋಡಲು ಬೆಳ್ಳಿಯಂತೇನೂ ಇರಲಿಲ್ಲ. ಉಕ್ಕಿನ ಬೂದುಬಣ್ಣ, ಅದರ ಮೇಲೆ ನಸುಗೆಂಪಿನ ಛಾಯೆ. ಗಾಳಿಗಿಟ್ಟರೆ ಕಪ್ಪಾಗುವ ಗುಣ. ಬೆಳ್ಳಿಯ ಲೋಟ ವರ್ಷಗಟ್ಟಲೆ ಉಜ್ಜದೆ ಇಟ್ಟರೆ ಏನಾಗುತ್ತದೋ ಸುಮಾರು ಅದೇ ರಸಾಯನ: ಬೆಳ್ಳಿ ಮತ್ತು ಗಂಧಕ ಒಂದಾದದ್ದು. ಮೊದಲ ಪರೀಕ್ಷೆಗಳಲ್ಲಿ ಬೆಳ್ಳಿ ಧಾರಾಳವಾಗಿ ಸಿಕ್ಕಿತು, ಗಂಧಕ ಸಿಕ್ಕಿತು, ಚೂರು ಪಾದರಸವೂ ಕಂಡಿತು. ವೈಸ್‌ಬಾಖ್ ಕಂಡದ್ದಕ್ಕೆ ತಕ್ಕ ಹೆಸರಿಟ್ಟ. ಮುಕ್ಕಾಲು ಪಾಲು ಬೆಳ್ಳಿಯೇ ಇರುವ ಕಲ್ಲಿಗೆ ಬೆಳ್ಳಿಯುಳ್ಳದ್ದು ಅನ್ನುವುದರಲ್ಲಿ ತಪ್ಪೇನಿದೆ?

ಪೂರ್ತಿ ವಿಶ್ಲೇಷಣೆ ಮಾಡಲು ಕಲ್ಲು ಹೋದದ್ದು ಅದೇ ಅಕಾಡೆಮಿಯ ಕ್ಲೆಮೆನ್ಸ್ ವಿಂಕ್ಲರ್ ಬಳಿಗೆ. ಈ ಮನುಷ್ಯನನ್ನು ನೆನೆದರೆ ನನಗೆ ಭಯ ಮತ್ತು ಗೌರವ ಒಟ್ಟಿಗೆ ಆಗುತ್ತವೆ. ವಿಶ್ಲೇಷಣೆ ಎಂದರೆ ಒಂದು ರೀತಿಯಲ್ಲಿ ಅಂಗಡಿಯ ಲೆಕ್ಕ. ನೂರು ಗ್ರಾಂ ಕಲ್ಲು ಒಳಗೆ ಹೋದರೆ ಬೆಳ್ಳಿ ಇಷ್ಟು, ಗಂಧಕ ಇಷ್ಟು, ಕಬ್ಬಿಣ ಇಷ್ಟು ಎಂದು ಬರೆಯುತ್ತಾ ಹೋಗಿ ಕೊನೆಗೆ ನೂರಾಗಬೇಕು. ವಿಂಕ್ಲರ್‌ನ ಲೆಕ್ಕ 93–94ಕ್ಕೆ ನಿಂತುಬಿಡುತ್ತಿತ್ತು. ಮತ್ತೆ ಮಾಡಿದ. ಮತ್ತೆ ಅಷ್ಟೇ. ಪ್ರತಿ ಸಲವೂ ಆರೇಳು ಪಾಲು ಎಲ್ಲಿಗೋ ಹೋಗುತ್ತಿತ್ತು.

ಇಲ್ಲಿ ನನ್ನಂಥವರು ಏನು ಮಾಡುತ್ತೇವೆ ಎಂದು ಹೇಳಿಬಿಡುತ್ತೇನೆ. ಕೊರತೆಗೆ ಒಂದು ಕಾರಣ ಹುಡುಕುತ್ತೇವೆ: ಸೋಸುವಾಗ ಹೋಗಿರಬೇಕು, ತಕ್ಕಡಿ ಸರಿಯಿಲ್ಲ, ಮಾದರಿಯಲ್ಲಿ ಕಸವಿದೆ. ‘ಪ್ರಯೋಗದ ಮಿತಿಯೊಳಗೆ’ ಎಂಬ ಒಂದು ಒಳ್ಳೆಯ ನುಡಿಗಟ್ಟು ನಮ್ಮ ಬಳಿ ಇದೆ. ಆದರೆ ವಿಂಕ್ಲರ್‌ಗೆ ತನ್ನ ಕೈಯ ಮೇಲೆ ನಂಬಿಕೆಯಿತ್ತು. ನಾನು ಚೆಲ್ಲಿಲ್ಲ, ಹಾಗಾದರೆ ಇದರೊಳಗೆ ನನಗೆ ಗೊತ್ತಿಲ್ಲದ್ದು ಇನ್ನೊಂದಿದೆ ಎಂದು ತೀರ್ಮಾನಿಸಿದ. ತಿಂಗಳುಗಳ ಕಾಲ ಅದನ್ನೇ ಹುಡುಕಿದ. ಆ ಇನ್ನೊಂದು ಗಂಧಕದ ಜೊತೆ ಸೇರಿ ನೀರಿನಲ್ಲಿ ಕರಗಿ ಕೂರುವಂಥದ್ದು, ಸೋಸಿದ ನೀರಿನ ಜೊತೆ ಸದ್ದಿಲ್ಲದೆ ಹೊರಟುಹೋಗುವಂಥದ್ದು. ಕೊನೆಗೆ ಆ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಕೈಬಿಟ್ಟು ಸುರಿದಾಗ ಬಿಳಿಯ ಗಸಿ ತಳಕ್ಕೆ ಇಳಿಯಿತು. 1886ರ ಫೆಬ್ರವರಿ 6ರಂದು ಹೊಸ ಮೂಲವಸ್ತು ಸಿಕ್ಕಿದೆಯೆಂದು ವಿಂಕ್ಲರ್ ಪ್ರಕಟಿಸಿದ. ಜರ್ಮೇನಿಯಂ.

ಮುಂದಿನದು ರಸಾಯನಶಾಸ್ತ್ರದ ಪಠ್ಯಪುಸ್ತಕಗಳಲ್ಲಿದೆ. 1871ರಲ್ಲೇ ಮೆಂಡಲೀವ್ ತನ್ನ ಕೋಷ್ಟಕದಲ್ಲಿ ಸಿಲಿಕಾನಿನ ಕೆಳಗೆ ಖಾಲಿ ಮನೆ ಬಿಟ್ಟು, ಇಲ್ಲಿ ಬರಬೇಕಾದ ವಸ್ತುವಿನ ಪರಮಾಣು ತೂಕ 72ರ ಆಸುಪಾಸು ಇರುತ್ತದೆ, ಸಾಂದ್ರತೆ 5.5ರಷ್ಟು ಎಂದು ಬರೆದಿಟ್ಟಿದ್ದ. ಆ ಮನೆಗೆ ಅವನಿಟ್ಟ ತಾತ್ಕಾಲಿಕ ಹೆಸರು ಏಕಸಿಲಿಕಾನ್. ಆ ‘ಏಕ’ ನಮ್ಮ ಸಂಸ್ಕೃತದ ಏಕವೇ, ಸಿಲಿಕಾನಿನಿಂದ ಒಂದು ಮನೆ ಆಚೆ ಎಂದರ್ಥ. ಜರ್ಮೇನಿಯಂ ಬಂದು ಆ ಮನೆಯಲ್ಲಿ ಕೂತಿತು. ವಿಂಕ್ಲರ್ ಮೊದಲು ಅದನ್ನು ಬೇರೆ ಕಡೆ, ಆಂಟಿಮನಿ ಮತ್ತು ಬಿಸ್ಮತ್ ನಡುವಿನ ಮನೆಗೆ ಕಳಿಸಲು ಹೊರಟಿದ್ದ ಎನ್ನುವುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ನೆಪ್ಚೂನ್ ಗ್ರಹದಂತೆ ಇದನ್ನೂ ಕಾಣುವ ಮೊದಲೇ ಊಹಿಸಲಾಗಿತ್ತೆಂದು ನೆಪ್ಚೂನಿಯಂ ಎಂದು ಕರೆಯುವ ಯೋಚನೆಯೂ ಅವನಿಗಿತ್ತು. ಆ ಹೆಸರನ್ನು ಅಷ್ಟರಲ್ಲಿ ಬೇರೊಬ್ಬರು ತಮ್ಮ ಮೂಲವಸ್ತುವಿಗೆ ಇಟ್ಟುಬಿಟ್ಟಿದ್ದರು (ಆ ಮೂಲವಸ್ತು ಕೊನೆಗೆ ನಿಜವಾಗಲಿಲ್ಲ, ಅದು ಬೇರೆ ಮಾತು). ಹಾಗಾಗಿ ದೇಶದ ಹೆಸರು ಬಂತು.

ಹೀಗೆ ಕಲ್ಲಿನ ಹೆಸರು ಹೇಳುವುದು ಬೆಳ್ಳಿಯನ್ನು, ಕಲ್ಲಿಗೆ ಹೆಸರು ಬಂದದ್ದು ಹೆಸರಿನಲ್ಲಿ ಇಲ್ಲದ ಆ ಆರೇಳು ಪಾಲಿನಿಂದ. ಇಂದಿನ ಲೆಕ್ಕದಲ್ಲಿ ಎಂಟು ಬೆಳ್ಳಿ, ಒಂದು ಜರ್ಮೇನಿಯಂ, ಆರು ಗಂಧಕ. ತೂಕದಲ್ಲಿ ಬೆಳ್ಳಿ ಶೇ. 76ಕ್ಕೂ ಹೆಚ್ಚು.

ಹೆಸರು ಇಲ್ಲಿಗೇ ನಿಲ್ಲಲಿಲ್ಲ. ಕೆಲವು ವರ್ಷಗಳ ನಂತರ ಅಮೆರಿಕದ ಪೆನ್‌ಫೀಲ್ಡ್ ಎಂಬ ಖನಿಜಶಾಸ್ತ್ರಜ್ಞ ಬೊಲಿವಿಯಾದಿಂದ ಬಂದ ಒಂದು ಕಲ್ಲನ್ನು ಹೊಸ ಜರ್ಮೇನಿಯಂ ಖನಿಜವೆಂದುಕೊಂಡು ಕ್ಯಾನ್‌ಫೀಲ್ಡೈಟ್ ಎಂದು ಕರೆದ. ಆಮೇಲೆ ನೋಡಿದರೆ ಅದೂ ಆರ್ಜಿರೊಡೈಟೇ. ಇಟ್ಟ ಹೆಸರನ್ನು ಏನು ಮಾಡುವುದು? ಜರ್ಮೇನಿಯಂ ಜಾಗದಲ್ಲಿ ತವರವಿದ್ದ ಇನ್ನೊಂದು ಕಲ್ಲು ಸಿಕ್ಕಿತು, ಅದಕ್ಕೆ ಆ ಹೆಸರನ್ನು ದಾಟಿಸಿದ. ದೊಡ್ಡ ಮಗುವಿನ ಅಂಗಿ ಚಿಕ್ಕದಕ್ಕೆ ತೊಡಿಸಿದ ಹಾಗೆ. ಖನಿಜಶಾಸ್ತ್ರದ ಬಗ್ಗೆ ನನಗಿದ್ದ ಒಣ ಕಲ್ಪನೆ ಈ ಕತೆ ಓದಿದ ಮೇಲೆ ಹೋಯಿತು.

ಖನಿಜವಾಗಿ ಆರ್ಜಿರೊಡೈಟಿನ ಉಪಯೋಗ ಕೇಳಿದರೆ ಹೇಳುವುದು ಕಡಿಮೆ. ಅಪರೂಪ. ಸಂಗ್ರಹಾಲಯಗಳಲ್ಲಿ, ಖನಿಜ ಕೂಡಿಡುವವರ ಕಪಾಟುಗಳಲ್ಲಿ ಇದೆ. ಜರ್ಮೇನಿಯಂ ಬೇಕೆಂದರೂ ಇವತ್ತು ಯಾರೂ ಇದರ ಹಿಂದೆ ಹೋಗುವುದಿಲ್ಲ. ಸತುವಿನ ಅದಿರು ಕರಗಿಸಿದಾಗ ಉಳಿಯುವುದರಿಂದ, ಕಲ್ಲಿದ್ದಲಿನ ಬೂದಿಯಿಂದ ತೆಗೆಯುತ್ತಾರೆ. ಕಲ್ಲು ಮೂಲೆಗೆ ಸರಿಯಿತು, ಹೆಸರು ಮಾತ್ರ ಬೇರೆ ದಾರಿ ಹಿಡಿಯಿತು.

ಆ ದಾರಿ ಅರ್ಥವಾಗಲು ಚೌಕಾಬಾರದ ಮನೆಗಳನ್ನು ನೆನಪಿಸಿಕೊಳ್ಳಿ. ಎಲ್ಲ ಮನೆಯಲ್ಲೂ ಕಾಯಿ ತುಂಬಿದ್ದರೆ ಆಟ ನಡೆಯುವುದಿಲ್ಲ. ಮನೆ ಹೆಚ್ಚು, ಕಾಯಿ ಕಡಿಮೆ ಇರಬೇಕು. ಆರ್ಜಿರೊಡೈಟಿನೊಳಗೆ ಗಂಧಕ ಮತ್ತು ಜರ್ಮೇನಿಯಂ ಸೇರಿ ಕಟ್ಟಿದ ಒಂದು ಹಂದರವಿದೆ. ಕಲ್ಲನ್ನು 220 ಡಿಗ್ರಿಗಿಂತ ಮೇಲೆ ಕಾಯಿಸಿದರೆ ಬೆಳ್ಳಿಯ ಅಯಾನುಗಳು ಈ ಹಂದರದ ಖಾಲಿ ಮನೆಗಳ ನಡುವೆ ಓಡಾಡತೊಡಗುತ್ತವೆ. ಘನವಸ್ತು ಘನವಾಗಿಯೇ ಇರುತ್ತದೆ, ಒಳಗಿನ ಒಂದು ಜಾತಿಯ ಕಣ ಮಾತ್ರ ದ್ರವದ ಹಾಗೆ ಹರಿಯುತ್ತದೆ. 1979ರಲ್ಲಿ ಕೂಸ್, ನಿಚೆ ಮತ್ತು ಶೋಯ್ನೆಮಾನ್ ಇದೇ ಹಂದರವಿರುವ ವಸ್ತುಗಳನ್ನೆಲ್ಲ ಒಂದು ಕುಟುಂಬವೆಂದು ಗುರುತಿಸಿ ‘ಆರ್ಜಿರೊಡೈಟುಗಳು’ ಎಂದು ಬಹುವಚನದಲ್ಲಿ ಬರೆದರು. ಅಂಕಿತನಾಮ ಅಡ್ಡಹೆಸರಾದ ಗಳಿಗೆ ಅದು ಎಂದು ನನಗನ್ನಿಸುತ್ತದೆ. ಆಮೇಲೆ 2008ರಲ್ಲಿ ಜರ್ಮನಿಯದೇ ಜೀಗನ್ ವಿಶ್ವವಿದ್ಯಾಲಯದ ಡೈಜೆರೋಟ್ ಮತ್ತು ಜೊತೆಗಾರರು ಬೆಳ್ಳಿಯ ಜಾಗದಲ್ಲಿ ಲಿಥಿಯಂ, ಜರ್ಮೇನಿಯಂ ಜಾಗದಲ್ಲಿ ರಂಜಕ, ಒಂದು ಗಂಧಕದ ಜಾಗದಲ್ಲಿ ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್ ಇಟ್ಟು ತೋರಿಸಿದರು. ಲಿಥಿಯಂ ಕೋಣೆಯ ಉಷ್ಣತೆಯಲ್ಲೇ ಚುರುಕಾಗಿ ಓಡಿತು. ಕೂರುವ ಜಾಗ ಎರಡು, ಕೂರುವವರು ಒಬ್ಬರು ಎಂಬಂತಿದೆ ಅದರೊಳಗಿನ ಏರ್ಪಾಡು.

ಹೀಗೆ ಮೊದಲು ಬೆಳ್ಳಿ ಹೋಯಿತು, ಹೆಸರು ತಂದುಕೊಟ್ಟ ಜರ್ಮೇನಿಯಮ್ಮೂ ಹೋಯಿತು. ಉಳಿದದ್ದು ಕೂರುವ ಕ್ರಮ ಮಾತ್ರ. ಹೆಸರು ಆ ಕ್ರಮಕ್ಕೆ ಅಂಟಿಕೊಂಡಿತು. ನಮ್ಮ ಕ್ಷೇತ್ರದಲ್ಲಿ ಇದು ಹೊಸದಲ್ಲ. ಸೌರಕೋಶದ ಗೆಳೆಯರು ಪೆರೋವ್‌ಸ್ಕೈಟ್ ಅನ್ನುತ್ತಾರೆ. ಮೂಲ ಖನಿಜದಲ್ಲಿದ್ದ ಕ್ಯಾಲ್ಸಿಯಂ, ಟೈಟಾನಿಯಂ, ಆಮ್ಲಜನಕ ಮೂರರಲ್ಲಿ ಒಂದೂ ಅವರ ಪೆರೋವ್‌ಸ್ಕೈಟಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅದು ಪೆರೋವ್‌ಸ್ಕಿ ಎಂಬ ವ್ಯಕ್ತಿಯ ಹೆಸರು, ಒಳಗೇನಿದೆ ಎಂದು ಅದು ಎಂದೂ ಹೇಳಿರಲಿಲ್ಲ. ನಮ್ಮದು ಹೇಳುತ್ತದೆ.

ಇದನ್ನು ನನಗೆ ಚುಚ್ಚಿ ಹೇಳಿದ್ದು ಗೈಡ್ ಅಲ್ಲ, ಹಾವೇರಿ ಕಡೆಯ ನಮ್ಮೂರಿನಲ್ಲಿ ನಮ್ಮ ಮನೆಯ ಎದುರಿಗಿರುವ ಪತ್ತಾರ ಕಾಕಾ. ಬೆಳ್ಳಿ ಕರಡಿಗೆ, ಕಾಲುಂಗುರ, ಮಕ್ಕಳ ಉಡಿದಾರ ಮಾಡುವವರು. ದೀಪಾವಳಿಗೆ ಹೋದಾಗ ನಾನು ಓದುತ್ತಿರುವುದೇನು ಎಂದು ಕೇಳಿದರು. ಹೆಸರು, ಅದರ ಅರ್ಥ ಹೇಳಿದೆ. ಕೈಯಲ್ಲಿದ್ದ ಚಿಮಟ ಕೆಳಗಿಟ್ಟರು.

“ಹೌದೇನವ್ವಾ? ಅದರಾಗ ಬೆಳ್ಳಿ ಎಷ್ಟೈತಿ?”

“ಇಲ್ಲ ಕಾಕಾ. ಗುಂಜಿಯಷ್ಟೂ ಇಲ್ಲ.”

“ಬೆಳ್ಳಿ ಇಲ್ಲದ್ದಕ್ಕ ಬೆಳ್ಳಿ ಹೆಸರಿಟ್ಟು ಮಾರಿದರ ನನ್ನ ಅಂಗಡಿ ಮುಂದ ಜನ ನಿಲ್ಲತಾರೇನು?”

ನಾವು ಮಾರುವುದಿಲ್ಲ ಎಂದೆ. ನಕ್ಕರು. “ಪೇಪರ್ ಬರೀತೀರಲ್ಲ, ಅದ ನಿಮ್ಮ ವ್ಯಾಪಾರ” ಅಂದರು. ನನ್ನ ಬಳಿ ಉತ್ತರವಿರಲಿಲ್ಲ.

ಕಾಕಾಗೆ ಬೆಳ್ಳಿಯ ಹೆಸರಿನ ಮೋಸ ಹೊಸದೇನಲ್ಲ. ಗೃಹಪ್ರವೇಶ, ಸೀಮಂತಗಳಲ್ಲಿ ಹಂಚುವ ಜರ್ಮನ್ ಸಿಲ್ವರ್ ಬಟ್ಟಲುಗಳು ಅವರ ಗಿರಾಕಿಗಳನ್ನು ಎಷ್ಟೋ ಕಡಿಮೆ ಮಾಡಿವೆ. ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ ಅದು. ಅದರಲ್ಲೂ ಬೆಳ್ಳಿಯಿಲ್ಲ. ಅಲ್ಯೂಮಿನಿಯಂ ಪಾತ್ರೆಯನ್ನು ಸಿಲ್ವರ್ ಪಾತ್ರೆ ಅನ್ನುವವರು ನಮ್ಮ ಕಡೆ ಬೇಕಾದಷ್ಟು ಜನ. ಆದರೆ ಜರ್ಮನ್ ಸಿಲ್ವರಿನಲ್ಲಿ ‘ಜರ್ಮನ್’ ಸುಳ್ಳಲ್ಲ. 1823ರಲ್ಲಿ ಗೈಟ್ನರ್ ಎಂಬಾತ ಅದನ್ನು ಮಾಡಿ ಆರ್ಜೆಂಟಾನ್ ಎಂದು ಹೆಸರಿಟ್ಟದ್ದು ಸ್ಯಾಕ್ಸನಿಯ ಷ್ನೇಬರ್ಗಿನಲ್ಲಿ. ವಿಂಕ್ಲರ್ ಲೆಕ್ಕ ಹಾಕುತ್ತಾ ಕೂತ ಫ್ರೈಬರ್ಗ್ ಇರುವ ಅದೇ ಗಣಿಬೆಟ್ಟಗಳ ಸೀಮೆ. ಬೆಳ್ಳಿಯಿಂದ ಬದುಕಿದ ನಾಡಿನಿಂದಲೇ ಬೆಳ್ಳಿಯಿಲ್ಲದ ಎರಡು ಬೆಳ್ಳಿಯ ಹೆಸರುಗಳು ಹೊರಬಿದ್ದಿವೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಗೈಟ್ನರನದು ಬೆಳ್ಳಿಯಂತೆ ಕಾಣಬೇಕೆಂದೇ ಮಾಡಿದ್ದು. ಆರ್ಜಿರೊಡೈಟ್ ಹುಟ್ಟುವಾಗ ನಿಜವಾಗಿಯೂ ಬೆಳ್ಳಿಯದಾಗಿತ್ತು.

ಈ ವರ್ಷ ಇದು ಬರೀ ಹರಟೆಯಾಗಿ ಉಳಿಯಲಿಲ್ಲ. ಪ್ರೌಢಶಾಲೆಯ ಶಿಕ್ಷಕರಿಗಾಗಿ ನನ್ನ ಸಂಶೋಧನೆಯ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡಬೇಕಾಗಿ ಬಂತು. ಬರೆದೆ. ನೋಡಿದ ಹಿರಿಯರೊಬ್ಬರು ಪ್ರೀತಿಯಿಂದಲೇ ತಿದ್ದಿದರು: ಎಲ್ಲ ಕಡೆ ಆರ್ಜಿರೊಡೈಟ್ ಏಕೆ, ‘ರಜತಾಢ್ಯ’ ಅನ್ನಬಹುದಲ್ಲ, ಬೇಡವಾದರೆ ‘ಬೆಳ್ಳಿಗಲ್ಲು’ ಅನ್ನಿ, ಮಕ್ಕಳಿಗೆ ಹತ್ತಿರವಾಗುತ್ತದೆ.

ಕನ್ನಡದಲ್ಲಿ ವಿಜ್ಞಾನ ಬರಬೇಕು, ಪದಗಳು ನಮ್ಮವಾಗಬೇಕು ಎನ್ನುವುದರಲ್ಲಿ ನನಗೂ ಅವರಿಗೂ ಜಗಳವಿಲ್ಲ. ಆದರೆ ಈ ಪದದಲ್ಲಿ ನನ್ನ ಕೈ ನಿಂತಿತು. ‘ಬೆಳ್ಳಿಗಲ್ಲಿನಲ್ಲಿ ಲಿಥಿಯಂ, ರಂಜಕ, ಗಂಧಕ ಮತ್ತು ಕ್ಲೋರಿನ್ ಇವೆ’ ಎಂದು ಬರೆದು ನೋಡಿದೆ. ಎಂಟನೇ ಕ್ಲಾಸಿನ ಯಾವ ಹುಡುಗಿಯೂ ಕಾಕಾ ಕೇಳಿದ್ದನ್ನೇ ಕೇಳುತ್ತಾಳೆ. ಗ್ರೀಕಿನ ಮುಸುಕು ಹೊದ್ದಿರುವ ತನಕ ಒಳಗಿನ ಬೆಳ್ಳಿ ನಿದ್ದೆಯಲ್ಲಿರುತ್ತದೆ. ಕೊರಿಯಾದವರು, ಜರ್ಮನರು, ನಾವು ಎಲ್ಲರೂ ಅದನ್ನು ಎಬ್ಬಿಸದೆ ಮಾತಾಡುತ್ತಿದ್ದೇವೆ. ಅನುವಾದ ಮಾಡಿದ ತಕ್ಷಣ ಅದು ಎದ್ದು ಕೂರುತ್ತದೆ.

ನನ್ನ ವಾದಕ್ಕೆ ನನ್ನ ಭಾಷೆಯೇ ಅಡ್ಡ ಬರುತ್ತದೆ ಎನ್ನುವುದೂ ಗೊತ್ತಿದೆ. ಎಣ್ಣೆ ಎಂದರೆ ಎಳ್ಳಿನ ನೆಯ್, ಎಳ್ಳಿನ ಜಿಡ್ಡು. ಇವತ್ತು ಕೊಬ್ಬರಿ ಎಣ್ಣೆ, ಹರಳೆಣ್ಣೆ, ಸೀಮೆಎಣ್ಣೆ ಎಲ್ಲದರಲ್ಲೂ ಆ ಎಳ್ಳು ಇದೆ, ಯಾವುದರಲ್ಲೂ ಎಳ್ಳಿಲ್ಲ. ಸಂಸ್ಕೃತದ ತೈಲವೂ ತಿಲದಿಂದಲೇ ಬಂದು ಇದೇ ಪಾಡು ಪಟ್ಟಿದೆ. ಸೀಸದ ಕಡ್ಡಿಯಲ್ಲಿ ಸೀಸವಿಲ್ಲ. ಬೆಳ್ಳಿಯನ್ನೇ ತೆಗೆದುಕೊಳ್ಳಿ. ಅದರ ಬುಡದಲ್ಲಿರುವುದು ಬೆಳ್, ಬಿಳುಪು. ಬೆಳ್ಳಕ್ಕಿ, ಬೆಳ್ಳುಳ್ಳಿ, ಬೆಳದಿಂಗಳು ಎಲ್ಲ ಅದರ ದಾಯಾದಿಗಳು. ಬೆಳಗಿನ ಜಾವ ಬೆಳ್ಳಿ ಮೂಡಿತು ಎಂದರೆ ಶುಕ್ರ ಗ್ರಹ. ಗ್ರೀಕಿನ ಆರ್ಗುರೋಸ್, ಸಂಸ್ಕೃತದ ರಜತ, ಅರ್ಜುನ ಇವೂ ಹೊಳೆಯುವ ಬಿಳುಪು ಎಂಬ ಒಂದೇ ಬೇರಿನವು. ಆ ಲೆಕ್ಕದಲ್ಲಿ ವೈಸ್‌ಬಾಖ್‌ನ ಕಪ್ಪು ಕಲ್ಲಿಗಿಂತ ನಮ್ಮ ಬಿಳಿ ಪುಡಿಯೇ ಹೆಚ್ಚು ‘ಬೆಳ್ಳಿ’. ಇದನ್ನು ಕಾಕಾಗೆ ಹೇಳುವ ಧೈರ್ಯ ನನಗಿಲ್ಲ.

ಆದರೂ ಎಣ್ಣೆಗೂ ಇದಕ್ಕೂ ಒಂದಲ್ಲ ಅನ್ನಿಸುತ್ತದೆ. ಎಣ್ಣೆಯೊಳಗಿನ ಎಳ್ಳು ಶತಮಾನಗಳ ಬಳಕೆಯಲ್ಲಿ ತಾನಾಗಿ ಸವೆಯಿತು. ಯಾರೂ ಕೂತು ತೆಗೆದದ್ದಲ್ಲ. ಬೆಳ್ಳಿಗಲ್ಲು ಎಂದು ನಾನು ಇವತ್ತು ಕೂತು ಟಂಕಿಸಿದರೆ, ಹೊಸ ನಾಣ್ಯದ ಮೇಲೆಯೇ ತಪ್ಪು ಬೆಲೆ ಅಚ್ಚು ಹಾಕಿದಂತೆ. ಕನ್ನಡದಲ್ಲಿ ಮೊದಲ ಸಲ ಓದುವ ಶಿಕ್ಷಕರಿಗೆ ಆ ಪದದ ಹಿಂದೆ ಫ್ರೈಬರ್ಗ್ ಇಲ್ಲ, ವಿಂಕ್ಲರ್‌ನ ಕೊರತೆಯ ಲೆಕ್ಕವಿಲ್ಲ. ಇರುವುದು ಬೆಳ್ಳಿ ಎಂಬ ಮಾತೊಂದೇ, ಮತ್ತು ಆ ಮಾತನ್ನು ನಂಬಲು ಅವರಿಗೆ ಎಲ್ಲ ಹಕ್ಕೂ ಇದೆ. ಕಾಕಾನ ಅಂಗಡಿಯಲ್ಲಿ ಹೆಸರು ಎಂದರೆ ಒಳಗಿರುವುದಕ್ಕೆ ಕೊಟ್ಟ ಮಾತು. ಲ್ಯಾಬಿನಲ್ಲಿ ಹೆಸರು ಎಂದರೆ ಆಕಾರದ ಗುರುತು. ಮೇಷ್ಟರಿಗೆ ಬರೆಯುವಾಗ ನಾನು ಯಾವ ಅಂಗಡಿಯಲ್ಲಿ ಕೂತಿದ್ದೇನೆ ಎಂಬುದು ಪ್ರಶ್ನೆ.

ಕೊನೆಗೆ ಖನಿಜವನ್ನು ಆರ್ಜಿರೊಡೈಟ್ ಎಂದೇ ಬಿಟ್ಟೆ, ನಮ್ಮ ಪುಡಿಯನ್ನು ‘ಆರ್ಜಿರೊಡೈಟಿನ ಹಂದರದ ಲಿಥಿಯಂ ವಸ್ತು’ ಎಂದೆ. ಉದ್ದವಾಯಿತು. ಹಿರಿಯರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೂ ಉಳಿಸಿಕೊಂಡರು. ಕೆಳಗೆ ಎರಡು ಸಾಲಿನಲ್ಲಿ ವಿಂಕ್ಲರ್‌ನ ಕತೆ ಸೇರಿಸಲು ಜಾಗ ಕೇಳಿ ಪಡೆದೆ.

ಎರಡು ಪುಟದಲ್ಲಿ ಹಿಡಿಸದೆ ಹೊರಗುಳಿದ ಸಂಗತಿ ಒಂದಿದೆ. ಲಿಥಿಯಂ ಬ್ಯಾಟರಿಯ ಒಂದು ಬದಿಯಲ್ಲಿ ಲೋಹವಾಗಿ ಕೂರುವಾಗ ಸಮನಾಗಿ ಹರಡದೆ ಮುಳ್ಳು ಮುಳ್ಳಾಗಿ ಬೆಳೆದು ಘನ ಪದರವನ್ನೇ ಸೀಳುತ್ತದೆ. ನಮ್ಮ ಕ್ಷೇತ್ರದ ದೊಡ್ಡ ತಲೆನೋವು ಅದು. 2020ರಲ್ಲಿ ಸ್ಯಾಮ್‌ಸಂಗ್‌ನ ಸಂಶೋಧಕರು ಒಂದು ಉಪಾಯ ಪ್ರಕಟಿಸಿದರು. ಆರ್ಜಿರೊಡೈಟ್ ಬಗೆಯ ವಿದ್ಯುದ್ವಾಹಕದ ಪಕ್ಕದಲ್ಲಿ ಕೂದಲೆಳೆಗಿಂತ ತೆಳುವಾದ ಒಂದು ಪದರ ಬಳಿದರು. ಲಿಥಿಯಂ ಆ ಪದರದ ಹಿಂದೆ ಸಮನಾಗಿ ಬಂದು ಕೂತಿತು, ಮುಳ್ಳು ಏಳಲಿಲ್ಲ. ಪದರದಲ್ಲಿದ್ದದ್ದು ಇಂಗಾಲದ ಪುಡಿ, ಮತ್ತು ಬೆಳ್ಳಿ.

ಕಾಕಾಗೆ ಫೋನಿನಲ್ಲಿ ಇದನ್ನು ಹೇಳಿದೆ. ಎಷ್ಟು ಹಾಕತಾರ, ಎಷ್ಟು ಟಂಚಿನದು, ಬ್ಯಾಟರಿ ಕೆಟ್ಟ ಮೇಲೆ ಅದನ್ನ ವಾಪಸ್ ತಗೀಬಹುದೇನು ಎಂದು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದರು. ಮೂರನೆಯದನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.